ಬೆಳೆ ರೋಗಕ್ಕೆ ಸುಗಂಧ ತೈಲ: ಹಾಸನ, ಚಿಕ್ಕಮಗಳೂರು ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಆಲೂರು ತಾಲ್ಲೂಕು. ಆಲೂಗೆಡ್ಡೆ, ಶುಂಠಿ, ಬೀನ್ಸ್ ಇದೆ, ಮೇಲಿನ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ ಮತ್ತು ಮೆಣಸೂ ಇದೆ. ಅಕ್ಕನನ್ನು ಕೊಪ್ಪದ ಕಡೆ ಕೊಟ್ಟಿರುವುದರಿಂದ ಅಡಿಕೆ ತೋಟದ ಗೋಳೂ ಗೊತ್ತು. ನಾಲ್ಕೈದು ವರ್ಷದಿಂದ ಲವಂಗದ ಎಣ್ಣೆ, ನಿಂಬೆಹುಲ್ಲಿನ ಎಣ್ಣೆ ಅಂತ ಏನೇನೋ ಪ್ರಯೋಗ ಮಾಡಿದ್ದೇನೆ. ಕೆಲವು ಗೆದ್ದವು, ಕೆಲವು ಸೋತವು. ಒಂದು ಸಲ ಬೀನ್ಸ್ ಸುಟ್ಟುಕೊಂಡೆ. ಅದು ಗೊತ್ತಾದ ಮೇಲೆ ಫೋನ್ ಮಾಡುವವರು ಜಾಸ್ತಿಯಾದರು. ಎಲ್ಲರೂ ಕೇಳುವುದು ಹೆಚ್ಚೂ ಕಡಿಮೆ ಇವೇ ಪ್ರಶ್ನೆಗಳನ್ನು.

ಸುಗಂಧ ತೈಲ ಅಂದರೆ ಯಾವುದು? ಬೇವಿನೆಣ್ಣೆಯೂ ಅದೇ ತಾನೆ?

ಅಲ್ಲ. ತುಂಬಾ ಜನ ಎಡವುವುದೇ ಇಲ್ಲಿ. ಬೇವಿನೆಣ್ಣೆ, ಹೊಂಗೆಣ್ಣೆ, ಹರಳೆಣ್ಣೆ ಎಲ್ಲ ಬೀಜ ಹಿಂಡಿ ತೆಗೆಯುವ ಜಿಡ್ಡಿನ ಎಣ್ಣೆಗಳು. ಸುಗಂಧ ತೈಲ ಬೇರೆ. ಎಲೆ, ತೊಗಟೆ, ಮೊಗ್ಗು, ಹುಲ್ಲು ಇವುಗಳ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣ್ಣಗೆ ಮಾಡಿ ತೆಗೆಯುವ ವಾಸನೆಯ ಭಾಗ ಅದು. ಅಂಗಡಿಯವರು ಎಸೆನ್ಷಿಯಲ್ ಆಯಿಲ್ ಅಂತಾರೆ.

ವ್ಯತ್ಯಾಸ ನೋಡಬೇಕಾ? ಒಂದು ಬಿಳಿ ಹಾಳೆ ತಗೊಳ್ಳಿ. ಒಂದು ಕಡೆ ಬೇವಿನೆಣ್ಣೆ, ಇನ್ನೊಂದು ಕಡೆ ನಿಂಬೆಹುಲ್ಲಿನ ಎಣ್ಣೆ ಒಂದೊಂದು ತೊಟ್ಟು ಬಿಡಿ. ಮಾರನೇ ದಿನ ಬೆಳಕಿಗೆ ಹಿಡಿದು ನೋಡಿ. ಬೇವಿನೆಣ್ಣೆ ಬಿದ್ದ ಜಾಗ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಜಿಡ್ಡು ಜಿಡ್ಡಾಗಿ ಹೊಳೆಯುತ್ತಿರುತ್ತದೆ. ಇನ್ನೊಂದು ಹೆಚ್ಚೂ ಕಡಿಮೆ ಹಾರಿಹೋಗಿರುತ್ತದೆ. ದೇವರ ಮನೆಯಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕದಿದ್ದರೆ ಕರ್ಪೂರ ಕರಗಿ ಮಾಯವಾಗುತ್ತಲ್ಲ, ಹಾಗೆ. ಈ ಹಾರಿಹೋಗುವ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ಅದು ರೋಗ ತರುವ ಶಿಲೀಂಧ್ರವನ್ನು, ಅಂದರೆ ಬೂಸ್ಟನ್ನು, ಹೇಗೆ ಕೊಲ್ಲುತ್ತದೆ?

ಶಿಲೀಂಧ್ರದ ಪ್ರತಿ ಜೀವಕೋಶಕ್ಕೂ ಕೊಬ್ಬಿನಂಶದ ಒಂದು ತೆಳು ಪೊರೆ ಇರುತ್ತದೆ. ಸುಗಂಧ ತೈಲ ನೀರಿಗಿಂತ ಕೊಬ್ಬಿಗೆ ಬೇಗ ಸೇರುತ್ತದೆ. ಹಾಗಾಗಿ ಆ ಪೊರೆಯೊಳಗೆ ನುಗ್ಗಿ ಅದನ್ನು ಸಡಿಲ ಮಾಡುತ್ತದೆ. ಹಾಲಿನ ಪ್ಯಾಕೆಟ್ಟಿಗೆ ಸೂಜಿ ಚುಚ್ಚಿದ ಹಾಗೆ ಒಳಗಿನದೆಲ್ಲ ಸೋರಿ ಹೋಗುತ್ತದೆ. ಶಿಲೀಂಧ್ರದ ಬೀಜಾಣು ಮೊಳೆಯುವುದನ್ನೂ ಇದು ತಡೆಯುತ್ತದೆ. ಎಣ್ಣೆ ತಾಗಲೇಬೇಕು ಅಂತೇನೂ ಇಲ್ಲ. ಮುಚ್ಚಿದ ಜಾಗದಲ್ಲಾದರೆ ಅದರ ಆವಿಯೇ ಸಾಕು.

ಇಷ್ಟು ಕೇಳಿದರೆ ಬ್ರಹ್ಮಾಸ್ತ್ರ ಅನಿಸುತ್ತದೆ. ಪ್ರಯೋಗಾಲಯದಲ್ಲಿ ಹಾಗೇ ಕಾಣುತ್ತದೆ ಕೂಡ, ಯಾಕೆಂದರೆ ಅಲ್ಲಿ ಶಿಲೀಂಧ್ರ ಇರುವುದು ಮುಚ್ಚಳ ಹಾಕಿದ ಗಾಜಿನ ತಟ್ಟೆಯಲ್ಲಿ. ನಮ್ಮ ಹೊಲಕ್ಕೆ ಮುಚ್ಚಳ ಇಲ್ಲ.

ಯಾವ ಎಣ್ಣೆ ಜೋರು?

ವಾಸನೆ ಖಾರ ಇದ್ದಷ್ಟೂ ಜೋರು ಅಂತ ಒರಟಾಗಿ ಹೇಳಬಹುದು. ಓಮದಲ್ಲಿ ಥೈಮಾಲ್ ಅನ್ನುವ ರಾಸಾಯನಿಕ ಅಂಶ ಇದೆ. ದೊಡ್ಡಪತ್ರೆ ಎಲೆ ಹಿಸುಕಿದಾಗ ಬರುವ ಘಾಟಿನಲ್ಲೂ ಕಾರ್ವಕ್ರಾಲ್, ಥೈಮಾಲ್ ಇರುತ್ತವೆ. ಲವಂಗದಲ್ಲಿ ಯೂಜಿನಾಲ್, ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್. ಈ ನಾಲ್ಕೂ ಮೊದಲ ಸಾಲಿನವು. ನಿಂಬೆಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲ್ ಇರುತ್ತದೆ, ಅದು ಎರಡನೇ ಸಾಲು. ನಮ್ಮ ಕಡೆ ಕೆಲವರು ಇದನ್ನೇ ಮಜ್ಜಿಗೆ ಹುಲ್ಲು ಅಂತಾರೆ. ನೀಲಗಿರಿ ಎಣ್ಣೆ ನೆಗಡಿಗೆ ಚೆನ್ನಾಗಿದೆ. ಶಿಲೀಂಧ್ರಕ್ಕೆ ಅದಕ್ಕಿಂತ ಬೇರೆಯವು ವಾಸಿ.

ಟೀ ಟ್ರೀ ಎಣ್ಣೆಯ ಹೆಸರನ್ನೂ ಕೇಳಿರಬಹುದು. ಅದು ನಾವು ಕುಡಿಯುವ ಟೀ ಗಿಡದ್ದಲ್ಲ, ಆಸ್ಟ್ರೇಲಿಯಾದ ಬೇರೆ ಮರದ್ದು. ಅದರಿಂದ ಮಾಡಿದ ಟಿಮೊರೆಕ್ಸ್ ಗೋಲ್ಡ್ ಅನ್ನುವ ಶಿಲೀಂಧ್ರನಾಶಕ ಹೊರದೇಶಗಳಲ್ಲಿ ಬಳಕೆಯಲ್ಲಿದೆ. ಅಂದರೆ ಇದು ಅಜ್ಜಿ ಮದ್ದಿನ ಮಾತಷ್ಟೇ ಅಲ್ಲ, ದೊಡ್ಡ ತೋಟಗಳಿಗೂ ಹೋಗಿದೆ.

ಆಲೂಗೆಡ್ಡೆ ಅಂಗಮಾರಿಗೆ ಕೆಲಸ ಮಾಡುತ್ತಾ?

ಹಾಸನದ ಕಡೆಯಿಂದ ಬರುವ ಹತ್ತು ಫೋನಿನಲ್ಲಿ ಎಂಟು ಇದಕ್ಕೇ. ನೇರವಾಗಿ ಹೇಳುತ್ತೇನೆ: ಜಡಿಮಳೆ ಹಿಡಿದಾಗ ಸುಗಂಧ ತೈಲ ಒಂದನ್ನೇ ನಂಬಿ ಆಲೂಗೆಡ್ಡೆ ಹೊಲ ಬಿಡಬೇಡಿ.

ಯಾಕೆ ಅಂತ ಕೇಳಿ. ನಾವು ಮೇ, ಜೂನ್‌ನಲ್ಲಿ ಬಿತ್ತುತ್ತೇವೆ. ಜಲಂಧರದಿಂದ ಲಾರಿಯಲ್ಲಿ ಬಂದ ಕುಫ್ರಿ ಜ್ಯೋತಿ ಗೆಡ್ಡೆ ಕತ್ತರಿಸಿ ನೆಡುತ್ತೇವೆ. ಈ ತಳಿ 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿಗೆ ಬಗ್ಗದ ತಳಿ ಅಂತಲೇ ಹೆಸರು ಮಾಡಿತ್ತು. ರೋಗಾಣು ಬದಲಾಗುತ್ತಾ ಹೋಯಿತು, ಆ ಶಕ್ತಿ ಹೋಯಿತು. ಗಿಡ ಮೊಣಕಾಲುದ್ದ ಬರುವ ಹೊತ್ತಿಗೆ ಸೋನೆ ಮಳೆ, ಮೋಡ, ಬೆಳಗಿನ ಮಂಜು, ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು. ಅಂಗಮಾರಿಗೆ ಬೇಕಾದ್ದು ಇಷ್ಟೇ. ಬೆಳಿಗ್ಗೆ ಹೋಗಿ ಎಲೆ ಮಗುಚಿ ನೋಡಿದರೆ ಕಪ್ಪು ಮಚ್ಚೆಯ ಅಂಚಿನಲ್ಲಿ ಸಕ್ಕರೆ ಪುಡಿ ಉದುರಿಸಿದ ಹಾಗೆ ಬಿಳಿ ಬೂಸ್ಟು. ಅದು ಕಂಡ ಮೇಲೆ ಒಂದು ವಾರ ಸಾಕು, ಹೊಲವೆಲ್ಲ ಕುದಿನೀರು ಎರಚಿದ ಹಾಗೆ ಬಾಡಿ ನಾರುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಬರ ತಂದದ್ದೂ ಇದೇ ರೋಗಾಣು.

ಇದು ನಿಜವಾದ ಶಿಲೀಂಧ್ರವೂ ಅಲ್ಲ. ನೋಡಲು ಹಾಗಿದೆ, ವಂಶ ಬೇರೆ. ಆದರೂ ಓಮ, ಲವಂಗದ ಎಣ್ಣೆಗಳು ಗಾಜಿನ ತಟ್ಟೆಯಲ್ಲಿ ಇದನ್ನು ತಡೆಯುತ್ತವೆ. ತೊಂದರೆ ಮೂರು. ಒಂದು, ಎಣ್ಣೆ ಹಾರಿಹೋಗುತ್ತದೆ. ಸಂಜೆ ಹೊಡೆದರೆ ಮಾರನೇ ಮಧ್ಯಾಹ್ನದ ಹೊತ್ತಿಗೆ ಎಲೆಯ ಮೇಲೆ ಉಳಿಯುವುದು ಕಮ್ಮಿ. ಎರಡು, ಮಳೆ ತೊಳೆಯುತ್ತದೆ. ಮೂರು, ಇದು ಗಿಡದೊಳಗೆ ಹರಿದು ಹೋಗುವ ಔಷಧಿ ಅಲ್ಲ. ರೋಗಾಣು ಒಂದು ಸಲ ಎಲೆಯೊಳಗೆ ಸೇರಿದರೆ ಹೊರಗಿನ ಎಣ್ಣೆಗೆ ಅದು ಸಿಗುವುದಿಲ್ಲ.

ಖರ್ಚೂ ಲೆಕ್ಕ ಹಾಕೋಣ. ಎಕರೆಗೆ 200 ಲೀಟರ್ ನೀರು, ಲೀಟರಿಗೆ 1 ಎಂ.ಎಲ್. ಅಂದರೆ ಒಂದು ಸಲಕ್ಕೆ 200 ಎಂ.ಎಲ್. ಎಣ್ಣೆ. ವಾರಕ್ಕೊಂದರಂತೆ ಆರು ಸಲ ಹೊಡೆದರೆ 1.2 ಲೀಟರ್. ಅಷ್ಟು ನಿಂಬೆಹುಲ್ಲಿನ ಎಣ್ಣೆಗೆ ಇನ್ನೂರು ಕೆಜಿಗೂ ಮೇಲೆ ಹಸಿ ಹುಲ್ಲು ಬೇಕು. ಲವಂಗದ ಎಣ್ಣೆಯಾದರೆ ಖರ್ಚು ಇನ್ನೂ ಜಾಸ್ತಿ.

ನಾನೇನು ಮಾಡುತ್ತೇನೆ? ಬಿತ್ತನೆ ಗೆಡ್ಡೆ ಆರಿಸುವುದರಲ್ಲಿ ಜಿಪುಣತನ ಮಾಡುವುದಿಲ್ಲ, ಸಾಲು ಅಗಲ ಬಿಡುತ್ತೇನೆ, ಮಣ್ಣು ಏರಿಸುತ್ತೇನೆ, ಮೋಡ ಕವಿದ ತಕ್ಷಣ ರೋಗಕ್ಕೆ ಕಾಯದೆ ಶಿಫಾರಸು ಮಾಡಿದ ಔಷಧಿ ಹೊಡೆಯುತ್ತೇನೆ. ಎಣ್ಣೆಯ ಪ್ರಯೋಗವೆಲ್ಲ ಬದುವಿನ ಪಕ್ಕದ ಎರಡು ಸಾಲಿಗೆ ಮಾತ್ರ.

ಅಡಿಕೆ ಕೊಳೆಗೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ), ಎಲೆಚುಕ್ಕೆಗೆ?

ಕೊಪ್ಪ, ಶೃಂಗೇರಿ, ಕಳಸದವರು ಇದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ಎಲೆಚುಕ್ಕೆ ಅಲ್ಲಿ ಮಾಡಿರುವ ಹಾನಿ ನೋಡಿದ್ದೇನೆ. ಭಾವನ ತೋಟದಲ್ಲಿ ಮೇಲೆ ನೋಡಿದರೆ ಸೋಗೆ ಸುಟ್ಟ ಹಾಗೆ ಕಾಣುತ್ತದೆ. ಆದರೂ ಸುಳ್ಳು ಭರವಸೆ ಕೊಡಲಾರೆ.

ಮಲೆನಾಡಿನ ಮಳೆಯಲ್ಲಿ ನಿಲ್ಲಬೇಕಾದರೆ ಔಷಧಿ ಅಂಟಿಕೊಳ್ಳಬೇಕು. ಬೋರ್ಡೋ ದ್ರಾವಣ ಗೆದ್ದದ್ದು ಅದಕ್ಕೇ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಒಣಗಿದ ಮೇಲೆ ಗೊನೆಯ ಮೇಲೆ ನೀಲಿ ಪದರ ಕೂರುತ್ತದೆ, ಮಳೆಗೂ ಅಷ್ಟು ಬೇಗ ಹೋಗುವುದಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಅಡಿಕೆ ಕೊಳೆಗೆ ಇದನ್ನು ಬಳಕೆಗೆ ತಂದು ನೂರು ವರ್ಷದ ಮೇಲಾಯಿತು. ಇನ್ನೂ ಅದನ್ನು ಮೀರಿಸಿದ್ದು ಕಮ್ಮಿ. ಹಾರಿಹೋಗುವ ಎಣ್ಣೆಯನ್ನು ಅದರ ಜಾಗದಲ್ಲಿ ಇಟ್ಟರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಕೂಲಿಯೂ ದಂಡ. ಮರ ಹತ್ತಿಸುವುದು ಎಷ್ಟು ಕಷ್ಟ, ಎಷ್ಟು ದುಬಾರಿ ಅಂತ ನಿಮಗೇ ಗೊತ್ತಲ್ಲ.

ಕಾಫಿಗೆ ಹೊಡೆಯಬಹುದಾ?

ಎಲೆ ತುಕ್ಕಿಗೂ, ಕೊಳೆ ರೋಗಕ್ಕೂ ಹೇಳುವುದು ಅದೇ ಮಾತು: ಬೋರ್ಡೋ, ನೆರಳು ಕಡಿಯುವುದು, ಗಾಳಿ ಆಡುವ ಹಾಗೆ ಚಿಗುರು ತೆಗೆಯುವುದು. ತುಕ್ಕಿಗೆ ಅರ್ಧ ಪರ್ಸೆಂಟ್ ಬೋರ್ಡೋ, ಅಂದರೆ ಮೇಲೆ ಹೇಳಿದ್ದರ ಅರ್ಧ ಗಟ್ಟಿಯದು, ಸಾಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ಶಿಫಾರಸನ್ನು ಬಿಟ್ಟು ಆಚೆ ಈಚೆ ಹೋಗಬೇಡಿ. ಅಂದಹಾಗೆ, ಕಾಫಿಯ ಕೊಳೆ ರೋಗ ತರುವ ಶಿಲೀಂಧ್ರಕ್ಕೆ ವಿಜ್ಞಾನದ ಹೆಸರಿನಲ್ಲೂ 'ಕೊಳೆರೋಗ' ಅಂತಲೇ ಇದೆ. 1876ರಲ್ಲಿ ಕುಕ್ ಅನ್ನುವ ಇಂಗ್ಲಿಷ್ ವಿಜ್ಞಾನಿ ನಮ್ಮ ಪದವನ್ನೇ ತಗೊಂಡು ಇಟ್ಟದ್ದು.

ಕಾಫಿಯಲ್ಲಿ ಇನ್ನೊಂದು ಭಯ ಇದೆ. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಕಣದ ಹತ್ತಿರ, ಗೋದಾಮಿನಲ್ಲಿ ಲವಂಗದ ಎಣ್ಣೆ ಸಿಂಪಡಿಸಿದರೆ ಕಪ್ಪಿನಲ್ಲಿ ಲವಂಗವೇ ಬರುತ್ತದೆ. ಖರೀದಿ ಮಾಡುವವರು ಬೆಲೆ ಮುರಿಯಲು ಇನ್ನೇನು ಬೇಕು? ಮೆಣಸು, ಏಲಕ್ಕಿ ಒಣಗಿಸುವ ಜಾಗದಿಂದಲೂ ದೂರ ಇಡಿ.

ಹಾಗಾದರೆ ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಮಾರಾಯ್ರೇ?

ಮಳೆ ಇಲ್ಲದ ಕಡೆ, ಇಲ್ಲವೇ ಗಾಳಿ ಹಿಡಿತದಲ್ಲಿರುವ ಕಡೆ.

ಮೊದಲನೆಯದು ಬೂದಿ ರೋಗ. ಬೇಸಿಗೆಯಲ್ಲಿ ಬೀನ್ಸ್, ಸೌತೆ, ಮೆಣಸಿನಕಾಯಿ, ಮನೆ ಮುಂದಿನ ಗುಲಾಬಿ ಎಲ್ಲಕ್ಕೂ ಬರುತ್ತದಲ್ಲ, ಎಲೆಗೆ ವಿಭೂತಿ ಬಳಿದ ಹಾಗೆ. ಅದನ್ನು ತರುವ ಶಿಲೀಂಧ್ರಗಳಲ್ಲಿ ಹೆಚ್ಚಿನವು ಎಲೆಯ ಮೇಲ್ಮೈಯಲ್ಲೇ ಬದುಕುತ್ತವೆ. ಹಾಗಾಗಿ ಎಣ್ಣೆಗೆ ಸಿಕ್ಕಿಬೀಳುತ್ತವೆ. ನನ್ನ ಬೀನ್ಸಿನಲ್ಲಿ ಶುರುವಿನಲ್ಲೇ ಹೊಡೆದ ಸಾಲುಗಳಲ್ಲಿ ಬೂದಿ ಹರಡಲಿಲ್ಲ. ತಡಮಾಡಿ ಹೊಡೆದಾಗ ಏನೂ ಆಗಲಿಲ್ಲ.

ಎರಡನೆಯದು ನರ್ಸರಿ. ಟೊಮೆಟೊ ಸಸಿ, ಮೆಣಸಿನ ಬಳ್ಳಿಯ ಪ್ಯಾಕೆಟ್ಟು ಇಟ್ಟಿರುವ ನೆರಳಿನ ಮನೆಯಲ್ಲಿ ಮೇಲೆ ಹೊದಿಕೆ ಇದ್ದರೆ ಮಳೆ ತೊಳೆಯುವ ಕಾಟ ಇಲ್ಲ, ಜಾಗವೂ ಚಿಕ್ಕದು. ಎಣ್ಣೆ ಖರ್ಚು ಕೈಗೆಟಕುತ್ತದೆ. ಆದರೆ ಬುಡ ಕೊಳೆತು ಸಸಿ ಬೀಳುತ್ತಿದ್ದರೆ ಮೊದಲು ನೀರು ಕಮ್ಮಿ ಮಾಡಿ. ನೀರು ನಿಲ್ಲಿಸದೆ ಎಣ್ಣೆ ಹಾಕುವುದು ಸುಮ್ನೆ.

ಮೂರನೆಯದು ದಾಸ್ತಾನು. ಮುಚ್ಚಿದ ಕೋಣೆಯಲ್ಲಿ ಆವಿ ನಿಲ್ಲುತ್ತದೆ, ಎಣ್ಣೆಯ ನಿಜವಾದ ಆಟ ಅಲ್ಲಿ. ಯೂರೋಪಿನಲ್ಲಿ ಆಲೂಗೆಡ್ಡೆ ಮೊಳಕೆ ಬರದ ಹಾಗೆ ಬಳಸುತ್ತಿದ್ದ ಕ್ಲೋರ್‌ಪ್ರೊಫಾಮ್ ಅನ್ನುವ ರಾಸಾಯನಿಕವನ್ನು 2019ರಲ್ಲಿ ತೆಗೆದುಹಾಕಿದರು. ಅದರ ಬದಲು ಪುದೀನ ಜಾತಿಯ ಸ್ಪಿಯರ್‌ಮಿಂಟ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಹೊಗೆಯ ಹಾಗೆ ಬಿಡುತ್ತಾರೆ.

ಇದನ್ನು ಓದಿ ನಿಮ್ಮ ಬಿತ್ತನೆ ಗೆಡ್ಡೆಯ ಕೋಣೆಗೆ ಎಣ್ಣೆ ಇಡಲು ಹೊರಟಿರಾ? ನಿಲ್ಲಿ! ಮೊಳಕೆ ಸಾಯಿಸುವ ಎಣ್ಣೆ ಬಿತ್ತನೆಗೆ ಶತ್ರು. ತಿನ್ನುವ ಗೆಡ್ಡೆಗೆ ಮಾತ್ರ ಅದು.

ಮುಸುಕಿನ ಜೋಳಕ್ಕೂ ಕೇಳುತ್ತಾರೆ. ಜೋಳ ಹಸಿಯಾಗಿಯೇ ಚೀಲಕ್ಕೆ ತುಂಬಿದರೆ ಯಾವ ಎಣ್ಣೆಯೂ ಬೂಸ್ಟನ್ನು ತಡೆಯುವುದಿಲ್ಲ. ಕಚ್ಚಿದರೆ ಕಟ್ ಅನ್ನುವ ತನಕ ಒಣಗಿಸಿ.

ಕಲಸುವುದು ಹೇಗೆ? ನೀರಿಗೆ ಹಾಕಿದರೆ ತೇಲುತ್ತಲ್ಲ?

ತೇಲಿದರೆ ಕೆಟ್ಟಿತು ಅಂತಲೇ ತಿಳಿಯಿರಿ. ಸಿಂಪಡಿಸುವ ಕ್ಯಾನಿನ ಮೊದಲ ಅರ್ಧ ಬರೀ ನೀರು, ಕೊನೆಯ ಎರಡು ಲೀಟರಿನಲ್ಲೇ ಎಣ್ಣೆಯೆಲ್ಲ. ಕೊನೆಗೆ ಹೊಡೆದ ಗಿಡ ಸುಟ್ಟು ಹೋಗುತ್ತದೆ.

ಔಷಧಿ ಅಂಗಡಿಯಲ್ಲಿ ಎಣ್ಣೆ ನೀರಿನಲ್ಲಿ ಬೆರೆಯುವ ಹಾಗೆ ಮಾಡುವ ದ್ರವ ಸಿಗುತ್ತದೆ, ಎಮಲ್ಸಿಫೈಯರ್ ಅಂತ ಕೇಳಿ. ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಎಣ್ಣೆ ಮತ್ತು ಅದನ್ನು ಸಮ ಸಮ ಹಾಕಿ ಕುಲುಕಿ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕುಲುಕಿ. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಬೇಕು. ಹತ್ತು ನಿಮಿಷ ಬಿಟ್ಟು ನೋಡಿ. ಮೇಲೆ ಎಣ್ಣೆಯ ಉಂಗುರ ಕಂಡರೆ ಇನ್ನೂ ಬೆರೆತಿಲ್ಲ. ಬೆರೆತ ಮೇಲೆ ಕ್ಯಾನಿಗೆ ಸುರಿಯಿರಿ. ಅಂಟುವಾಳದ ನೀರಿನಲ್ಲೂ ಮಾಡಿದ್ದೇನೆ, ಬೇಗ ಒಡೆಯುತ್ತದೆ, ನಡುನಡುವೆ ಕ್ಯಾನ್ ಅಲ್ಲಾಡಿಸುತ್ತಿರಬೇಕು. ಬಟ್ಟೆ ಸೋಪಿನ ಪುಡಿ ಬೇಡವೇ ಬೇಡ.

ಪ್ರಮಾಣ: ನಾನು ಲೀಟರಿಗೆ ಅರ್ಧ ಎಂ.ಎಲ್.ನಿಂದ ಶುರು ಮಾಡಿ 1 ಎಂ.ಎಲ್. ದಾಟುವುದಿಲ್ಲ. 16 ಲೀಟರಿನ ಬ್ಯಾಟರಿ ಪಂಪಿಗೆ 8ರಿಂದ 16 ಎಂ.ಎಲ್. ಅಳೆಯಲು ಸಿರಿಂಜ್ ಇಟ್ಟುಕೊಳ್ಳಿ, ಮುಚ್ಚಳದ ಅಂದಾಜು ಬೇಡ. ರೆಡಿ ಡಬ್ಬಿಯ ಔಷಧಿಯಾದರೆ ಡಬ್ಬಿ ಮೇಲೆ ಬರೆದದ್ದೇ ಲೆಕ್ಕ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಜೇನು ಹಾರಾಡುವ ಹೊತ್ತಿನಲ್ಲಿ ಬೇಡ.

ಹೊಡೆದ ಮೇಲೆ ಎಲೆ ಕಂದು ಬಣ್ಣಕ್ಕೆ ತಿರುಗಿತು. ಯಾಕೆ?

ಸುಟ್ಟಿದೆ. ನನ್ನ ಕಥೆಯೂ ಇದೇ. ಲೀಟರಿಗೆ 1 ಎಂ.ಎಲ್. ಹಾಕಿ ಚೆನ್ನಾಗಿ ಕಂಡಿತು ಅಂತ ಮುಂದಿನ ವಾರ 5 ಎಂ.ಎಲ್. ಲವಂಗದ ಎಣ್ಣೆ ಹಾಕಿದೆ. ಅದೂ ಬೆಳಿಗ್ಗೆ ಹತ್ತು ಗಂಟೆಗೆ. ಸಂಜೆಗೇ ಚಿಗುರೆಲೆ ಅಂಚು ಮುದುರಿತು. ಮಾರನೇ ದಿನ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹೆಂಡತಿ ನೋಡಿ 'ರೋಗವೇ ವಾಸಿಯಿತ್ತು' ಅಂದಳು.

ಶಿಲೀಂಧ್ರದ ಪೊರೆ ಒಡೆಯುವ ಎಣ್ಣೆಗೆ ಗಿಡದ ಪೊರೆ ಯಾವ ಲೆಕ್ಕ? ಪ್ರಮಾಣ ಏರಿಸಿದರೆ ಅದನ್ನೂ ಒಡೆಯುತ್ತದೆ. ಲವಂಗದ ಎಣ್ಣೆಯನ್ನು ಜಾಸ್ತಿ ಪ್ರಮಾಣದಲ್ಲಿ ಕಳೆ ಸುಡಲಿಕ್ಕೇ ಬಳಸುತ್ತಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. ಹಾಗಾಗಿ ಹೊಸ ಬೆಳೆ, ಹೊಸ ಬಾಟಲಿ ಯಾವುದೇ ಇರಲಿ, ಮೊದಲು ನಾಲ್ಕು ಗಿಡಕ್ಕೆ ಹೊಡೆದು ಮೂರು ದಿನ ಕಾಯಿರಿ. ಗಂಧಕ ಹೊಡೆದಿದ್ದರೆ ಎರಡು ವಾರ ಬಿಟ್ಟು ಎಣ್ಣೆ ಹೊಡೆಯಿರಿ. ಹತ್ತಿರ ಹತ್ತಿರ ಹೊಡೆದರೆ ಎಲೆ ಸುಡುತ್ತದೆ.

ಟ್ರೈಕೋಡರ್ಮಾ ಜೊತೆ ಸೇರಿಸಬಹುದಾ? ಎರಡೂ ಸಾವಯವ ಅಲ್ವಾ?

ಸೇರಿಸಬೇಡಿ. ಟ್ರೈಕೋಡರ್ಮಾನೂ ಒಂದು ಶಿಲೀಂಧ್ರವೇ, ರೋಗದ ಶಿಲೀಂಧ್ರವನ್ನು ಹತ್ತಿಕ್ಕಲಿ ಅಂತ ನಾವೇ ಮಣ್ಣಿಗೆ ಹಾಕುವುದು. ಒಳ್ಳೆಯದು, ಕೆಟ್ಟದ್ದು ಅಂತ ಎಣ್ಣೆಗೆ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ತಂದ ಕಾವಲುಗಾರನನ್ನು ನೀವೇ ಹೊಡೆದ ಹಾಗೆ. ಟ್ರೈಕೋಡರ್ಮಾ ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೆ ಹೋಗಲಿ, ಎಣ್ಣೆ ಎಲೆಗೆ ಇರಲಿ. ಬೋರ್ಡೋ ಜೊತೆಗೂ ಬೆರೆಸಬೇಡಿ.

ಅಸಲಿ ಎಣ್ಣೆ ಗುರುತಿಸುವುದು ಹೇಗೆ?

ಒಂದು ಸಲ ಪೇಟೆಯ ಒಂದು ಅಂಗಡಿಯಲ್ಲಿ ನಿಂಬೆಹುಲ್ಲಿನ ಎಣ್ಣೆ ಅಂತ ಅಗ್ಗಕ್ಕೆ ಸಿಕ್ಕಿತು. ಹಾಳೆ ಪರೀಕ್ಷೆ ಮಾಡಿದೆ. ಮೂರು ದಿನವಾದರೂ ಜಿಡ್ಡು ಹೋಗಲಿಲ್ಲ. ಅಡುಗೆ ಎಣ್ಣೆಗೋ ಇನ್ಯಾವುದಕ್ಕೋ ಸೆಂಟು ಹಾಕಿದ್ದು. ದೇವರ ದೀಪಕ್ಕೆ, ರೂಮಿಗೆ ಅಂತ ಮಾರುವ ಬಾಟಲಿಗಳಲ್ಲಿ ಇದು ಮಾಮೂಲು.

ಲವಂಗದ ಎಣ್ಣೆಗೆ ಇನ್ನೊಂದು ಪರೀಕ್ಷೆ ಇದೆ. ಲೋಟದ ನೀರಿಗೆ ಒಂದು ತೊಟ್ಟು ಬಿಡಿ. ಅದು ನೀರಿಗಿಂತ ಭಾರ, ಮುತ್ತಿನ ಹಾಗೆ ಉರುಳಿ ತಳಕ್ಕೆ ಹೋಗಬೇಕು. ನಿಂಬೆಹುಲ್ಲಿನ ಎಣ್ಣೆ ತೇಲುತ್ತದೆ. ಇಷ್ಟರಲ್ಲೇ ಎಲ್ಲ ಕಲಬೆರಕೆ ಗೊತ್ತಾಗುವುದಿಲ್ಲ, ತೀರಾ ಮೋಸದ್ದು ಗೊತ್ತಾಗುತ್ತದೆ. ತಂದ ಮೇಲೆ ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ, ಬಿಸಿಲು ಬೀಳದ ತಣ್ಣನೆಯ ಜಾಗದಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿಡಿ.

ದೊಡ್ಡಪತ್ರೆ, ಓಮ ಕುದಿಸಿ ಕಷಾಯ ಹೊಡೆದರೆ ಆಗಲ್ವಾ?

ಮನೆಯಲ್ಲಿ ಕಷಾಯ ಕುದಿಸುವಾಗ ಬೀದಿಯವರೆಗೂ ಘಮ್ ಅನ್ನುತ್ತದಲ್ಲ? ಹಾಗೆ ಹೋಗುತ್ತಿರುವುದೇ ಎಣ್ಣೆ. ಪಾತ್ರೆಯಲ್ಲಿ ಉಳಿಯುವುದು ಬಣ್ಣ, ಕಹಿ ಮತ್ತು ಅಲ್ಪಸ್ವಲ್ಪ ಎಣ್ಣೆ. ಎಣ್ಣೆ ಬೇಕಾದರೆ ಆ ಹಬೆಯನ್ನೇ ಹಿಡಿಯಬೇಕು. ಅದಕ್ಕೆ ಬಟ್ಟಿ ಇಳಿಸುವ ಘಟಕ ಬೇಕು: ಕೆಳಗೆ ನೀರು, ನಡುವೆ ಜಾಲರಿಯ ಮೇಲೆ ಹುಲ್ಲು, ಹಬೆ ಹೋಗಲು ಕೊಳವೆ, ಅದಕ್ಕೆ ತಣ್ಣೀರು. ನೂರು ಕೆಜಿ ಹಸಿ ನಿಂಬೆಹುಲ್ಲಿಗೆ ಅರ್ಧ ಕೆಜಿ ಆಸುಪಾಸು ಎಣ್ಣೆ ಬಂದರೆ ಸರಿಯಾಯಿತು. ನಾಲ್ಕಾರು ಮನೆಯವರು ಸೇರಿ ಒಂದು ಘಟಕ ಹಾಕಿದರೆ ಮಾತ್ರ ಪೂರೈಸುತ್ತದೆ. ಹುಲ್ಲು ಹಾಕುವ ಯೋಚನೆ ಇದ್ದವರು ಬೆಂಗಳೂರಿನಲ್ಲಿರುವ ಸಿಮ್ಯಾಪ್ ಕೇಂದ್ರದವರನ್ನು ಕೇಳಿ. ಸುಗಂಧ ಬೆಳೆಗಳೇ ಅವರ ಕೆಲಸ.

ಗಿಡದ್ದು ಅಂದ ಮೇಲೆ ಅಪಾಯ ಇಲ್ಲ ಅಲ್ವಾ?

ಚಕ್ಕೆ ಎಣ್ಣೆಯನ್ನು ನೀರು ಬೆರೆಸದೆ ಕೈ ಮೇಲೆ ಚೆಲ್ಲಿಕೊಂಡರೆ ಗೊತ್ತಾಗುತ್ತದೆ, ಮೆಣಸಿನಕಾಯಿ ಅರೆದದ್ದಕ್ಕಿಂತ ಹೆಚ್ಚು ಉರಿ. ನಿಂಬೆಹುಲ್ಲಿನ ಎಣ್ಣೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಗ್ಲೌಸ್, ಕನ್ನಡಕ ಹಾಕಿ. ಒಲೆ, ಬೀಡಿ ದೂರ ಇರಲಿ, ಬೇಗ ಬೆಂಕಿ ಹಿಡಿಯುತ್ತದೆ. ಉಳಿದದ್ದನ್ನು ಕೆರೆಗೆ ಸುರಿಯಬೇಡಿ, ಮೀನಿಗೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಬಾಟಲಿ ಸಿಗಬಾರದು.

ಇದಕ್ಕೆ ಸರ್ಕಾರದ ಒಪ್ಪಿಗೆ ಬೇಕಾ?

ಬೆಳೆ ಔಷಧಿ ಅಂತ ಮಾರುವುದಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಡಬ್ಬಿ ಮೇಲೆ ನೋಂದಣಿ ಸಂಖ್ಯೆ, ಯಾವ ಬೆಳೆ, ಯಾವ ರೋಗ ಅಂತ ಇರಬೇಕು. 'ಎಲ್ಲ ರೋಗಕ್ಕೂ ರಾಮಬಾಣ' ಅಂತ ಬರೆದಿದ್ದರೆ ಕೆಳಗಿಡಿ. ಸಾವಯವ ಸರ್ಟಿಫಿಕೇಟ್ ಇರುವವರು ಹೊಡೆಯುವ ಮುಂಚೆ ಸರ್ಟಿಫಿಕೇಟ್ ಕೊಟ್ಟವರನ್ನು ಕೇಳಿ.

ರೋಗ ಯಾವುದು ಅಂತಲೇ ಗೊತ್ತಾಗುತ್ತಿಲ್ಲ. ಎಣ್ಣೆ ಹೊಡೆದು ನೋಡಲಾ?

ಬೇಡ. ಏಲಕ್ಕಿಯ ಕಟ್ಟೆ ರೋಗ ವೈರಸ್ಸಿನದು, ಅದಕ್ಕೆ ಯಾವ ಶಿಲೀಂಧ್ರನಾಶಕವೂ ನಾಟುವುದಿಲ್ಲ. ರೋಗ ಬಂದ ಗಿಡವನ್ನು ಎರಡು ಮೂರು ಹಂತದ್ದು ಕಿತ್ತುಕೊಂಡು ಹೋಗಿ: ಈಗ ತಾನೇ ಮಚ್ಚೆ ಬಂದದ್ದು, ಅರ್ಧ ಹೋದದ್ದು, ಬೇರು ಸಮೇತ ಒಂದು. ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬೇಡ, ಬೆವರಿ ಕೊಳೆಯುತ್ತದೆ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಕಾರೆಕೆರೆಯ ಕೃಷಿ ಕಾಲೇಜು ಇದೆ. ಚಿಕ್ಕಮಗಳೂರಿನವರಿಗೆ ಮೂಡಿಗೆರೆ.

ಕ್ಯಾನಿನ ವಾಸನೆ ಹೋಗುತ್ತಿಲ್ಲ, ವಾಷರ್ ಬೇರೆ ಉಬ್ಬಿದೆ. ಏನು ಮಾಡಲಿ?

ಎಣ್ಣೆ ಹೊಡೆದ ದಿನವೇ ತೊಳೆಯಬೇಕು. ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಪಂಪ್ ಓಡಿಸಿ, ನಾಜಲ್ ಬಿಚ್ಚಿ ಬೇರೆಯಾಗಿ ತೊಳೆಯಿರಿ, ಆಮೇಲೆ ಎರಡು ಸಲ ಬರೀ ನೀರು. ರಬ್ಬರ್ ವಾಷರ್ ಎಣ್ಣೆ ಕುಡಿದು ಉಬ್ಬಿದ ಮೇಲೆ ಸರಿಹೋಗುವುದಿಲ್ಲ, ಹೊಸದು ಹಾಕಿ. ನಾನು ಈಗ ಎಣ್ಣೆಗೆ ಅಂತಲೇ ಒಂದು ಹಳೇ ಕೈಪಂಪು ಬೇರೆ ಇಟ್ಟಿದ್ದೇನೆ. ಕೊಟ್ಟಿಗೆಯಲ್ಲಿ ಅದನ್ನು ನೇತುಹಾಕಿದ ಮೂಲೆ ಇವತ್ತಿಗೂ ಬಿರಿಯಾನಿ ವಾಸನೆ ಬರುತ್ತದೆ.